ಚಲನ್ ಕೈಗೆ ಬಂದಾಗ
ಗಡಿ ತಾಲ್ಲೂಕುಗಳ ವಾಹನ ಚಾಲಕರು ತಿಳಿದಿರಬೇಕಾದ ಸಂಗತಿಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಜನರಿಗೆ ರಾಜ್ಯದ ಗಡಿ ದಾಟುವುದು ದಿನನಿತ್ಯದ ಮಾತು. ಅಥಣಿ, ಕಾಗವಾಡದವರು ಆಸ್ಪತ್ರೆಗೆಂದು ಮಿರಜಕ್ಕೆ ಹೋಗುತ್ತಾರೆ. ನಿಪ್ಪಾಣಿಯವರು ವ್ಯಾಪಾರಕ್ಕೆಂದು ಕೊಲ್ಲಾಪುರಕ್ಕೆ ಹೋಗುತ್ತಾರೆ. ಬೋರಗಾಂವ, ಸದಲಗಾ ಕಡೆಯವರಿಗೆ ಇಚಲಕರಂಜಿ ಕೂಗಳತೆಯಲ್ಲಿದೆ. ಬೆಳಿಗ್ಗೆ ಹೊರಟು ಸಂಜೆ ಮನೆಗೆ ಮರಳುವಷ್ಟರಲ್ಲಿ ಒಂದೇ ಗಾಡಿ ಎರಡು ರಾಜ್ಯಗಳ ಪೊಲೀಸರ ಕಣ್ಣೆದುರು ಹಾದುಹೋಗಿರುತ್ತದೆ. ಹೀಗಿರುವಾಗ ದಂಡದ ಚೀಟಿ, ಅಂದರೆ ಚಲನ್, ಎಂದಾದರೊಂದು ದಿನ ಕೈಗೆ ಬರುವುದು ಆಶ್ಚರ್ಯವಲ್ಲ. ಅದು ಬಂದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದು ತಿಳಿದಿಲ್ಲದಿರುವುದೇ ಹೆಚ್ಚು ತೊಂದರೆಗೆ ಕಾರಣ. ಕೆಲವರು ಹೆದರಿ ಕೇಳಿದಷ್ಟು ಹಣ ಕೊಟ್ಟು, ರಸೀದಿ ಪಡೆಯದೆ ಬರುತ್ತಾರೆ. ಇನ್ನು ಕೆಲವರು ಚೀಟಿಯನ್ನು ಜೇಬಿನಲ್ಲಿಟ್ಟು ಮರೆತೇ ಬಿಡುತ್ತಾರೆ. ಎರಡೂ ಸರಿಯಲ್ಲ.

ಚಲನ್ ಎಂದರೇನು?

ನಮ್ಮ ದೇಶದಲ್ಲಿ ರಸ್ತೆ ಸಂಚಾರದ ಅಪರಾಧಗಳನ್ನು ಮೋಟಾರು ವಾಹನ ಕಾಯ್ದೆ, 1988 ನಿಯಂತ್ರಿಸುತ್ತದೆ. ಈ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದಿತು. 2019ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಗಿ, ಅದೇ ವರ್ಷ ಸೆಪ್ಟೆಂಬರ್ 1ರಿಂದ ದಂಡದ ಮೊತ್ತಗಳು ಹಲವು ಪಟ್ಟು ಹೆಚ್ಚಿದವು.

ಚಲನ್ ಎಂಬುದು ತೀರ್ಪಲ್ಲ. ‘ನೀವು ಇಂಥ ದಿನ, ಇಂಥ ಸ್ಥಳದಲ್ಲಿ, ಕಾಯ್ದೆಯ ಇಂಥ ಕಲಮನ್ನು ಉಲ್ಲಂಘಿಸಿದ್ದೀರಿ’ ಎಂದು ಅಧಿಕಾರಿಯು ನಿಮ್ಮ ಮೇಲೆ ಹೊರಿಸುವ ಆರೋಪ ಅದು. ಆರೋಪವನ್ನು ಒಪ್ಪಿ ಹಣ ಕಟ್ಟಿದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಇದಕ್ಕೆ ಕಾಯ್ದೆಯ 200ನೇ ಕಲಮಿನಲ್ಲಿ ಅವಕಾಶವಿದ್ದು, ಇದನ್ನು ‘ರಾಜಿ ದಂಡ’ ಎನ್ನಬಹುದು. ಒಮ್ಮೆ ಹೀಗೆ ಹಣ ಕಟ್ಟಿದ ಮೇಲೆ ಅದೇ ಅಪರಾಧಕ್ಕಾಗಿ ನಿಮ್ಮ ಮೇಲೆ ಮುಂದಿನ ಕ್ರಮ ನಡೆಯುವುದಿಲ್ಲ. ಆರೋಪವನ್ನು ಒಪ್ಪದಿದ್ದರೆ ನ್ಯಾಯಾಲಯದ ಮುಂದೆ ಹೋಗುವ ಹಕ್ಕು ನಿಮಗಿದೆ. ಆದುದರಿಂದ ಹಣ ಕಟ್ಟುವ ಮೊದಲೇ ಯೋಚಿಸಬೇಕು. ಕಟ್ಟಿದ ನಂತರ ‘ನಾನು ತಪ್ಪು ಮಾಡಿರಲಿಲ್ಲ’ ಎಂದು ವಾದಿಸುವುದು ಕಷ್ಟ.

ರಸ್ತೆಯಲ್ಲಿ ತಡೆದಾಗ

ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲನಾ ಪರವಾನಗಿಯನ್ನು ತೋರಿಸುವುದು ಚಾಲಕರ ಕರ್ತವ್ಯವೆಂದು 130ನೇ ಕಲಮು ಹೇಳುತ್ತದೆ. ಕೈ ಮಾಡಿದಾಗ ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳಲು ನೋಡಬೇಡಿ. ಐದು ನೂರು ರೂಪಾಯಿಯ ದಂಡ ಉಳಿಸಲು ಹೋಗಿ ಪ್ರಾಣವನ್ನೇ ಕಳೆದುಕೊಂಡವರಿದ್ದಾರೆ. ಎಡಕ್ಕೆ ಸಂಕೇತ ತೋರಿಸಿ, ಹಿಂದಿನಿಂದ ಬರುವ ವಾಹನ ನೋಡಿಕೊಂಡು, ನಿಧಾನವಾಗಿ ರಸ್ತೆಯ ಅಂಚಿಗೆ ನಿಲ್ಲಿಸಿ.

ತಡೆಯುವವರಿಗೂ ಜವಾಬ್ದಾರಿ ಇದೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗಾಗಿ ಬೈಕ್ ತಡೆದ ಸಂದರ್ಭದಲ್ಲಿ ತಂದೆ ತಾಯಿಯೊಡನೆ ಆಸ್ಪತ್ರೆಗೆ ಹೋಗುತ್ತಿದ್ದ ಪುಟ್ಟ ಮಗು ಕೆಳಗೆ ಬಿದ್ದು ಅಸುನೀಗಿತು. ಆ ನಂತರ ರಾಜ್ಯ ಪೊಲೀಸ್ ಮುಖ್ಯಸ್ಥರು ವಾಹನ ತಡೆಯುವ ರೀತಿಯ ಬಗ್ಗೆ ಸೂಚನೆಗಳನ್ನು ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಸುಮ್ಮನೆ ತಡೆಯಬಾರದು, ಹಠಾತ್ತನೆ ಅಡ್ಡ ಬರಬಾರದು, ಗಾಡಿಯ ಕೀಲಿ ಕಸಿಯಬಾರದು ಎಂಬುದು ಅವುಗಳ ತಿರುಳು. ನಿಮಗೆ ಇದಕ್ಕೆ ವ್ಯತಿರಿಕ್ತವಾದ ಅನುಭವವಾದರೆ ಅಲ್ಲಿಯೇ ಜಗಳಕ್ಕೆ ನಿಲ್ಲದೆ, ಸ್ಥಳ, ಸಮಯ ಹಾಗೂ ಅಧಿಕಾರಿಯ ಎದೆಪಟ್ಟಿಯ ಹೆಸರನ್ನು ಬರೆದುಕೊಂಡು ಮೇಲಧಿಕಾರಿಗಳಿಗೆ ಲಿಖಿತ ದೂರು ಕೊಡುವುದು ಲೇಸು.

ಹಣ ಕೊಡುವಾಗ ಮುದ್ರಿತ ಅಥವಾ ಯಂತ್ರದಿಂದ ಹೊರಬಂದ ರಸೀದಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಪಾವತಿಯನ್ನು, ತಪ್ಪದೆ ಪಡೆಯಿರಿ. ಅದರಲ್ಲಿ ವಾಹನದ ಸಂಖ್ಯೆ, ದಿನಾಂಕ, ಅಪರಾಧದ ಕಲಮು ಹಾಗೂ ಮೊತ್ತ ಸರಿಯಾಗಿವೆಯೇ ಎಂದು ಅಲ್ಲಿಯೇ ಓದಿ. ರಸೀದಿ ಇಲ್ಲದೆ ಕೊಟ್ಟ ಹಣ ಸರ್ಕಾರಕ್ಕೆ ಸಲ್ಲಲಿಲ್ಲ, ನಿಮ್ಮ ಪ್ರಕರಣವೂ ಮುಗಿಯಲಿಲ್ಲ. ಕೈಯಲ್ಲಿ ಹಣವಿಲ್ಲದಿದ್ದರೆ ಚಿಂತಿಸಬೇಕಾಗಿಲ್ಲ. ಚಲನ್ ಪಡೆದು ನಂತರ ಕಟ್ಟಬಹುದು.

ಕಾಗದಪತ್ರಗಳ ವಿಷಯ

ಚಾಲನಾ ಪರವಾನಗಿ, ನೋಂದಣಿ ಪತ್ರ (ಆರ್.ಸಿ.), ವಿಮೆ ಮತ್ತು ಹೊಗೆ ತಪಾಸಣಾ ಪತ್ರ ಎಲ್ಲ ವಾಹನಗಳಿಗೂ ಬೇಕು. ಬಾಡಿಗೆ ವಾಹನ, ಲಾರಿ, ಟೆಂಪೋಗಳಿಗೆ ಇವುಗಳ ಜೊತೆಗೆ ಪರ್ಮಿಟ್ ಹಾಗೂ ಯೋಗ್ಯತಾ ಪತ್ರವೂ ಬೇಕು. ಹಿಂದೆ ಇವೆಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ತಿರುಗಬೇಕಾಗಿತ್ತು. 2018ರ ನವೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ ಮಾಡಿದ ತಿದ್ದುಪಡಿಯಿಂದ, ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಗಳನ್ನು ಮೊಬೈಲಿನಲ್ಲಿಯೇ ತೋರಿಸಬಹುದಾಗಿದೆ. ಆದರೆ ಒಂದು ಎಚ್ಚರಿಕೆ: ಮೂಲ ಪತ್ರದ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡರೆ ಅದು ಈ ನಿಯಮದ ದಾಖಲೆ ಎನಿಸುವುದಿಲ್ಲ. ಗಡಿಭಾಗದಲ್ಲಿ ಮೊಬೈಲ್ ಸಂಪರ್ಕ ಕೆಲವೆಡೆ ಕ್ಷೀಣವಾಗಿರುವುದರಿಂದ ಹೊರಡುವ ಮುನ್ನವೇ ದಾಖಲೆಗಳನ್ನು ತೆರೆದು ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಅಧಿಕಾರಿಯು ನಿಮ್ಮ ಪರವಾನಗಿಯನ್ನು ವಶಕ್ಕೆ ತೆಗೆದುಕೊಂಡರೆ 206ನೇ ಕಲಮಿನ ಪ್ರಕಾರ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಲೇಬೇಕು. ಅದರಲ್ಲಿ ನಮೂದಿಸಿದ ಅವಧಿಯವರೆಗೆ ಆ ಪತ್ರವೇ ನಿಮಗೆ ಗಾಡಿ ಓಡಿಸಲು ಆಧಾರ. ಪರವಾನಗಿ ಇಲ್ಲದವರು ಓಡಿಸುತ್ತಿದ್ದರೆ ಅಥವಾ ನೋಂದಣಿ, ಪರ್ಮಿಟ್ ಇಲ್ಲದಿದ್ದರೆ 207ನೇ ಕಲಮಿನ ಮೇರೆಗೆ ವಾಹನವನ್ನೇ ತಡೆದಿಡಬಹುದು. ಆಗ ಮಾಲೀಕರು ಸಂಬಂಧಪಟ್ಟ ದಾಖಲೆಗಳೊಂದಿಗೆ ಅರ್ಜಿ ಕೊಟ್ಟು ವಾಹನ ಬಿಡಿಸಿಕೊಳ್ಳಬೇಕಾಗುತ್ತದೆ.

ಕ್ಯಾಮೆರಾ ಕಳುಹಿಸುವ ಚಲನ್

ನಿಪ್ಪಾಣಿಯ ಮೂಲಕ ಹಾದುಹೋಗುವ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯನ್ನು ಹಿರಿಯರು ಇನ್ನೂ ನಾಲ್ಕನೇ ನಂಬರಿನ ಹೆದ್ದಾರಿ ಎಂದೇ ಕರೆಯುತ್ತಾರೆ. 2010ರ ಮರುಸಂಖ್ಯೆಯಲ್ಲಿ ಅದು 48 ಆಯಿತು. ಕೊಗನೊಳ್ಳಿಯಿಂದ ತವಂದಿ ಘಾಟಿನವರೆಗಿನ ದಾರಿ ಎಷ್ಟು ಸುಗಮವೋ, ವೇಗದ ಮೋಹಕ್ಕೆ ಒಳಗಾದವರಿಗೆ ಘಾಟಿನ ಇಳಿಜಾರು ಅಷ್ಟೇ ಅಪಾಯಕಾರಿ. ಇಂತಹ ಹೆದ್ದಾರಿಗಳಲ್ಲಿ ಈಗ ಪೊಲೀಸರು ನಿಂತು ತಡೆಯಬೇಕೆಂದಿಲ್ಲ. ಕ್ಯಾಮೆರಾ ಚಿತ್ರ ತೆಗೆದು, ಚಲನ್ ಮೊಬೈಲಿಗೆ ಬರುತ್ತದೆ.

2021ರ ಆಗಸ್ಟಿನಲ್ಲಿ ಸೇರಿಸಲಾದ 167-ಎ ನಿಯಮವು ಇಂತಹ ಚಲನ್ ಹೇಗಿರಬೇಕೆಂದು ವಿವರಿಸಿತು. ಉಲ್ಲಂಘನೆ ಹಾಗೂ ನಂಬರ್ ಫಲಕ ಸ್ಪಷ್ಟವಾಗಿ ಕಾಣುವ ಚಿತ್ರ, ಯಂತ್ರ ಅಳೆದ ವೇಗ, ದಿನಾಂಕ, ಸಮಯ, ಸ್ಥಳ, ಉಲ್ಲಂಘಿಸಿದ ಕಲಮು ಇವೆಲ್ಲ ಅದರಲ್ಲಿರಬೇಕು. ಉಲ್ಲಂಘನೆ ನಡೆದ 15 ದಿನಗಳೊಳಗೆ ನೋಟೀಸು ಕಳುಹಿಸಬೇಕು, ಕ್ಯಾಮೆರಾ ಇರುವುದನ್ನು ತಿಳಿಸುವ ಫಲಕವೂ ರಸ್ತೆಯಲ್ಲಿರಬೇಕು ಎಂದು ಆ ನಿಯಮ ಹೇಳಿತು. ಆದುದರಿಂದ ಇ-ಚಲನ್ ಬಂದ ಕೂಡಲೇ ಮೊದಲು ಚಿತ್ರ ನೋಡಿ. ಗಾಡಿ ನಿಮ್ಮದೇ? ನಂಬರಿನ ಒಂದು ಅಕ್ಷರವನ್ನು ಯಂತ್ರ ತಪ್ಪಾಗಿ ಓದಿದೆಯೇ? ಆ ದಿನ ನಿಮ್ಮ ಗಾಡಿ ಅಲ್ಲಿತ್ತೇ? ಕೆಎ-23 ಎಂದರೆ ಚಿಕ್ಕೋಡಿ ಪ್ರಾದೇಶಿಕ ಸಾರಿಗೆ ಕಚೇರಿಯ ನೋಂದಣಿ. ಮುಂದಿನ ಅಕ್ಷರ, ಅಂಕೆಗಳಲ್ಲಿ ಒಂದೇ ಒಂದು ಬದಲಾದರೂ ಗಾಡಿ ಬೇರೆಯವರದು.

ಇಂತಹ ಸಂದೇಶ ನಿಮಗೆ ತಲುಪಬೇಕಾದರೆ ನೋಂದಣಿ ದಾಖಲೆಯಲ್ಲಿ ನಿಮ್ಮ ಈಗಿನ ಮೊಬೈಲ್ ಸಂಖ್ಯೆ ಮತ್ತು ವಿಳಾಸ ಇರಬೇಕು. ಹತ್ತು ವರ್ಷದ ಹಿಂದೆ ಗಾಡಿ ಕೊಳ್ಳುವಾಗ ಕೊಟ್ಟ ನಂಬರ್ ಈಗ ಬೇರೆಯವರ ಕೈಯಲ್ಲಿದ್ದರೆ, ಚಲನ್‌ಗಳು ನಿಮಗೆ ತಿಳಿಯದಂತೆಯೇ ಬೆಳೆಯುತ್ತಾ ಹೋಗುತ್ತವೆ. ಗಾಡಿ ಮಾರಲು ಅಥವಾ ಹೆಸರು ಬದಲಿಸಲು ಹೋದ ದಿನ ಒಟ್ಟಿಗೆ ಎದುರಾಗುತ್ತವೆ.

ವಂಚಕರ ಬಗ್ಗೆಯೂ ಎಚ್ಚರ ಬೇಕು. ‘ನಿಮ್ಮ ವಾಹನದ ಮೇಲೆ ದಂಡವಿದೆ, ಈ ಫೈಲ್ ತೆರೆಯಿರಿ’ ಎಂದು ವಾಟ್ಸಾಪಿನಲ್ಲಿ ಬರುವ ಕಡತಗಳನ್ನು ಒತ್ತಬೇಡಿ. ಒತ್ತಿದರೆ ಬ್ಯಾಂಕಿನ ಖಾತೆಗೇ ಕನ್ನ ಬೀಳಬಹುದು. ಸರ್ಕಾರಿ ಜಾಲತಾಣಗಳ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಸಂಶಯ ಬಂದರೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಗಾಡಿಯ ನಂಬರ್ ಕೊಟ್ಟು ವಿಚಾರಿಸಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ.

ಎರಡು ರಾಜ್ಯ, ಎರಡು ದರ

‘ಗಾಡಿ ಕರ್ನಾಟಕದ್ದು, ಮಹಾರಾಷ್ಟ್ರದ ದಂಡ ನಮಗೇಕೆ?’ ಎಂದು ಕೇಳುವವರಿದ್ದಾರೆ. ಕಾಯ್ದೆ ಇಡೀ ದೇಶಕ್ಕೆ ಒಂದೇ. ಆದರೆ ರಾಜಿ ದಂಡದ ಮೊತ್ತವನ್ನು ನಿಗದಿಪಡಿಸುವ ಅಧಿಕಾರವನ್ನು 200ನೇ ಕಲಮು ಆಯಾ ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. ಗಾಡಿ ಎಲ್ಲಿಯದೇ ಇರಲಿ, ತಪ್ಪು ನಡೆದ ರಾಜ್ಯದ ದರವೇ ಅನ್ವಯಿಸುತ್ತದೆ. ಮಿರಜದಲ್ಲಿ ಸಿಗ್ನಲ್ ಮುರಿದರೆ ಮಹಾರಾಷ್ಟ್ರದ ದರ, ಕಾಗವಾಡದಲ್ಲಿ ಮುರಿದರೆ ಕರ್ನಾಟಕದ ದರ.

ಉದಾಹರಣೆಗೆ ಹೆಲ್ಮೆಟ್ ಇಲ್ಲದೆ ಓಡಿಸಿದರೆ 2019ರ ತಿದ್ದುಪಡಿಯು 1,000 ರೂಪಾಯಿ ದಂಡ ಹಾಗೂ ಮೂರು ತಿಂಗಳ ಮಟ್ಟಿಗೆ ಪರವಾನಗಿ ಅನರ್ಹತೆಯನ್ನು ಹೇಳಿತು. ಕರ್ನಾಟಕ ಸರ್ಕಾರ ಅದೇ ಸೆಪ್ಟೆಂಬರಿನಲ್ಲಿ ಹಲವು ದಂಡಗಳನ್ನು ಇಳಿಸಿ, ಹೆಲ್ಮೆಟ್ಟಿನ ರಾಜಿ ದಂಡವನ್ನು 500 ರೂಪಾಯಿಗೆ ನಿಗದಿಪಡಿಸಿತು. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ದಂಡ ಕಡಿಮೆಯಾದರೂ ಪರವಾನಗಿ ಅನರ್ಹಗೊಳಿಸುವ ಅಧಿಕಾರ ಹೋಗಿಲ್ಲ ಎಂಬುದು ನೆನಪಿರಲಿ.

ಆ ಕಡೆಯ ಗಾಡಿಗಳಿಗೂ ಒಂದು ಮಾತು. ಎಂಎಚ್-09 ಕೊಲ್ಲಾಪುರದ, ಎಂಎಚ್-10 ಸಾಂಗಲಿಯ ನೋಂದಣಿ. ನೆಂಟರ ಕಡೆಯಿಂದ ಇಂತಹ ಗಾಡಿ ಪಡೆದು ಇಲ್ಲಿಯೇ ಇಟ್ಟುಕೊಂಡವರು ಅನೇಕರು. 47ನೇ ಕಲಮಿನ ಪ್ರಕಾರ ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ಹೊಸ ನೋಂದಣಿ ಪಡೆಯಬೇಕು.

ಮಾರಿದ ಗಾಡಿಯ ಹೊರೆ

ನಮ್ಮ ಭಾಗದಲ್ಲಿ ಅತಿ ಹೆಚ್ಚು ಜನರನ್ನು ಕಷ್ಟಕ್ಕೆ ದೂಡುವ ಸಂಗತಿ ಇದು. ಒಂದು ಉದಾಹರಣೆ ತೆಗೆದುಕೊಳ್ಳೋಣ. ರಾಯಬಾಗದ ರೈತರೊಬ್ಬರು ತಮ್ಮ ಹಳೆಯ ಬೈಕನ್ನು ಇಚಲಕರಂಜಿಯ ಪರಿಚಯದವರಿಗೆ ಮಾರಿದರೆನ್ನಿ. ಹಣ ಕೈಗೆ ಬಂತು, ನೂರು ರೂಪಾಯಿಯ ಬಾಂಡಿನ ಮೇಲೆ ಸಹಿಯೂ ಆಯಿತು. ಆರ್.ಸಿ.ಯಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ. ಆ ಬೈಕಿನ ಪ್ರತಿಯೊಂದು ಚಲನ್ ರೈತರ ಹೆಸರಿಗೇ ಬರುತ್ತದೆ. ಅಷ್ಟಕ್ಕೇ ಮುಗಿದರೆ ಪುಣ್ಯ. ಆ ಬೈಕು ಯಾರಿಗಾದರೂ ಗುದ್ದಿ ಸಾವು ಸಂಭವಿಸಿದರೆ ಪರಿಹಾರದ ಹೊಣೆಯೂ ಅವರನ್ನೇ ಹುಡುಕಿಕೊಂಡು ಬರುತ್ತದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಆ ಬೈಕಿಗೆ ವಿಮೆ ಇಲ್ಲದಿದ್ದರೆ ಪರಿಸ್ಥಿತಿ ಇನ್ನೂ ಕಠಿಣ. ವಿಮೆ ಇಲ್ಲದಿರುವುದಕ್ಕೆ ಕಾಯ್ದೆಯಲ್ಲಿ ಹೇಳಿದ ಮೊದಲ ಬಾರಿಯ ದಂಡ 2,000 ರೂಪಾಯಿ. ಆದರೆ ನಿಜವಾದ ಬೆಲೆ ಅದಲ್ಲ. ಅಪಘಾತ ಪರಿಹಾರ ನ್ಯಾಯಮಂಡಳಿ ಲಕ್ಷಾಂತರ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿದರೆ, ವಿಮಾ ಕಂಪನಿ ಇಲ್ಲದಿರುವಾಗ ಮಾಲೀಕರೇ ಅದನ್ನು ಕೊಡಬೇಕು. ಕೊಡದಿದ್ದರೆ 174ನೇ ಕಲಮಿನ ಪ್ರಕಾರ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಅಂದರೆ ಹೊಲ ಮನೆಗೇ ಕುತ್ತು.

ಆದುದರಿಂದ ಗಾಡಿ ಮಾರುವಾಗ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿ ಕೈತೊಳೆದುಕೊಂಡರೆ ಸಾಲದು. 50ನೇ ಕಲಮಿನ ಮೇರೆಗೆ, ಗಾಡಿ ರಾಜ್ಯದೊಳಗೇ ನೋಂದಣಿಯಾಗಿದ್ದರೆ ಮಾರಿದವರು 14 ದಿನಗಳೊಳಗೆ ನೋಂದಣಿ ಕಚೇರಿಗೆ ವರದಿ ಮಾಡಬೇಕು. ಹೊರರಾಜ್ಯದ ವರ್ಗಾವಣೆಯಾದರೆ ನಿರಾಕ್ಷೇಪಣಾ ಪತ್ರ ಸಹಿತ 45 ದಿನಗಳ ಕಾಲಾವಕಾಶವಿದೆ. ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕು. ಹೆಸರು ಬದಲಾದ ಹೊಸ ಆರ್.ಸಿ.ಯನ್ನು ಕಣ್ಣಾರೆ ನೋಡುವವರೆಗೆ ನಿಶ್ಚಿಂತರಾಗಬೇಡಿ.

ಮಾರದಿದ್ದರೂ ನಿಮ್ಮ ಗಾಡಿಯನ್ನು ಬೇರೆಯವರು ಓಡಿಸಿರಬಹುದು. ಅಂತಹ ಸಂದರ್ಭದಲ್ಲಿ ಪೊಲೀಸರು ಕೇಳಿದರೆ ಚಾಲಕರ ಹೆಸರು, ವಿಳಾಸ, ಪರವಾನಗಿಯ ವಿವರ ಕೊಡುವುದು 133ನೇ ಕಲಮಿನಡಿ ಮಾಲೀಕರ ಕರ್ತವ್ಯ.

ಕಬ್ಬಿನ ಹಂಗಾಮು, ಜಾತ್ರೆಯ ದಿನಗಳು

ಕೃಷ್ಣಾ ತೀರದ ಈ ತಾಲ್ಲೂಕುಗಳಲ್ಲಿ ಹಂಗಾಮು ಆರಂಭವಾದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಮಿತಿಮೀರಿದ ಭಾರಕ್ಕೆ 194ನೇ ಕಲಮು 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಹೇಳುತ್ತದೆ. ಹೆಚ್ಚಿನ ಹೊರೆಯನ್ನು ಇಳಿಸದ ಹೊರತು ಗಾಡಿಯನ್ನು ಮುಂದೆ ಬಿಡುವಂತಿಲ್ಲ. ಇಳಿಸುವ ಖರ್ಚೂ ಗಾಡಿಯವರದೇ. ಹೊರಗೆ ಚಾಚಿದ ಹೊರೆಗೂ 20,000 ರೂಪಾಯಿ ದಂಡವಿದೆ. ಟ್ರ್ಯಾಕ್ಟರಿನಂತೆ ಟ್ರೇಲರಿಗೂ ನೋಂದಣಿ, ವಿಮೆ ಇರಬೇಕು. ಸ್ವಂತ ಹೊಲದ ಕೆಲಸಕ್ಕೆಂದು ವಿಮೆ ಮಾಡಿಸಿ ಬಾಡಿಗೆಗೆ ಓಡಿಸಿದರೆ ಅಪಘಾತವಾದಾಗ ವಿಮಾ ಕಂಪನಿ ತಕರಾರು ಎತ್ತಬಹುದು. ರಾತ್ರಿ ಕೆಟ್ಟು ನಿಂತ ಟ್ರೇಲರಿನ ಹಿಂದೆ ಪ್ರತಿಫಲಕ ಇಲ್ಲದ ಕಾರಣ ಬೈಕ್ ಸವಾರರು ಬಂದು ಗುದ್ದುವುದು ಹಂಗಾಮಿನ ದೊಡ್ಡ ದುರಂತ. ಕೆಂಪು ಪ್ರತಿಫಲಕದ ಪಟ್ಟಿಗೆ ತಗಲುವ ವೆಚ್ಚ ಒಂದು ಊಟದಷ್ಟೂ ಆಗಲಾರದು.

ಚಿಂಚಲಿಯ ಮಾಯಕ್ಕಾದೇವಿಯ ಜಾತ್ರೆಗೆ ಎರಡೂ ರಾಜ್ಯಗಳ ಭಕ್ತರು ಬರುತ್ತಾರೆ. ಟ್ರೇಲರಿನಲ್ಲಿ, ಟೆಂಪೋದಲ್ಲಿ ಮನೆಮಂದಿಯೆಲ್ಲ ಕುಳಿತು ಹೋಗುವುದು ರೂಢಿ. ಸರಕಿನ ವಾಹನದಲ್ಲಿ ಜನರನ್ನು ಸಾಗಿಸಿದರೆ ದಂಡ ಬೀಳುತ್ತದೆ ಎಂಬುದು ಸಣ್ಣ ವಿಷಯ. ಸರಕು ವಾಹನದಲ್ಲಿ ಹೀಗೆ ಕುಳಿತವರಿಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ಇದು ಜಾತ್ರೆಗೆ ಹೊರಡುವ ಮುಂಚೆ ಪ್ರತಿ ಕುಟುಂಬದ ಹಿರಿಯರೂ ಯೋಚಿಸಬೇಕಾದ ಮಾತು.

ಸ್ಥಳದಲ್ಲಿ ಮುಗಿಯದ ಅಪರಾಧಗಳು

ಎಲ್ಲ ತಪ್ಪುಗಳನ್ನೂ ರಸ್ತೆಯಲ್ಲಿ ದಂಡ ಕಟ್ಟಿ ಮುಗಿಸಲಾಗದು. ಕುಡಿದು ಓಡಿಸುವುದು ಇವುಗಳಲ್ಲಿ ಮುಖ್ಯ. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂಗಿಂತ ಹೆಚ್ಚು ಮದ್ಯಾಂಶ ಉಸಿರಿನ ಪರೀಕ್ಷೆಯಲ್ಲಿ ಕಂಡುಬಂದರೆ 185ನೇ ಕಲಮಿನಡಿ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ. ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ‘ಇಲ್ಲಿಯೇ ಇಷ್ಟು ಕೊಡಿ, ಮುಗಿಸೋಣ’ ಎಂದು ಯಾರಾದರೂ ಹೇಳಿದರೆ ಅದು ಕಾನೂನಿನ ಮಾತಲ್ಲ.

ಎರಡನೆಯದು ಅಪ್ರಾಪ್ತ ಮಕ್ಕಳ ಕೈಗೆ ಗಾಡಿ ಕೊಡುವುದು. 2019ರಲ್ಲಿ ಸೇರಿಸಿದ 199-ಎ ಕಲಮಿನಡಿ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ‘ಡೇರಿಗೆ ಹಾಲು ಹಾಕಿ ಬರಲಿ’ ಎಂದು ಹೈಸ್ಕೂಲಿನ ಹುಡುಗನಿಗೆ ಬೈಕಿನ ಕೀಲಿ ಕೊಡುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಕೆಲವು ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಚಲನ್ ತಪ್ಪಾಗಿ ಬಂದಿದೆ. ಏನು ಮಾಡಬೇಕು?
ಉತ್ತರ: ಹಣ ಕಟ್ಟಬೇಡಿ. ಆದರೆ ಸುಮ್ಮನೆಯೂ ಇರಬೇಡಿ. ಚಲನ್ ನೀಡಿದ ಠಾಣೆ ಅಥವಾ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಗಾಡಿಯ ಚಿತ್ರ, ಆರ್.ಸಿ. ಪ್ರತಿ, ಆ ದಿನ ಗಾಡಿ ಬೇರೆಡೆ ಇತ್ತೆಂಬುದಕ್ಕೆ ಗ್ಯಾರೇಜಿನ ಬಿಲ್ಲು ಮುಂತಾದ ಆಧಾರ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಅಲ್ಲಿ ಪರಿಹಾರವಾಗದಿದ್ದರೆ ನ್ಯಾಯಾಲಯದಲ್ಲಿ ನಿಮ್ಮ ಮಾತು ಹೇಳಬಹುದು.

ಪ್ರಶ್ನೆ: ಕೋರ್ಟಿನಿಂದ ಸಮನ್ಸ್ ಬಂದಿದೆ. ವಕೀಲರು ಬೇಕೇ?
ಉತ್ತರ: ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗಬಹುದು. ಸಣ್ಣ ಅಪರಾಧಗಳಲ್ಲಿ ತಪ್ಪೊಪ್ಪಿಗೆಯನ್ನು ನೋಂದಾಯಿತ ಅಂಚೆಯಲ್ಲಿ ಬರೆದು, ನಿಗದಿತ ಹಣ ಕಳುಹಿಸಲು ಸಮನ್ಸಿನಲ್ಲಿ ಅವಕಾಶ ಕೊಡಬಹುದೆಂದು 208ನೇ ಕಲಮು ಹೇಳುತ್ತದೆ. ಆದುದರಿಂದ ಸಮನ್ಸನ್ನು ಪೂರ್ತಿ ಓದಿ. ಸಮನ್ಸನ್ನು ಮಾತ್ರ ಯಾವ ಕಾರಣಕ್ಕೂ ಕಡೆಗಣಿಸಬೇಡಿ. ವಾರಂಟಿನವರೆಗೆ ಹೋಗಬಹುದು.

ಪ್ರಶ್ನೆ: ಹಳೆಯ ಚಲನ್‌ಗಳು ಬಹಳ ಇವೆ. ರಿಯಾಯಿತಿ ಸಿಗುತ್ತದೆಯೇ?
ಉತ್ತರ: ಕರ್ನಾಟಕ ಸರ್ಕಾರ 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ಇ-ಚಲನ್‌ಗಳ ಮೇಲೆ ಶೇಕಡ 50ರ ರಿಯಾಯಿತಿ ಕೊಟ್ಟಿತ್ತು. ಇದು ಸರ್ಕಾರ ಆಗಾಗ ಕೊಡುವ ಅವಕಾಶವೇ ಹೊರತು ಹಕ್ಕಲ್ಲ. ನ್ಯಾಯಾಲಯಕ್ಕೆ ಹೋದ ಪ್ರಕರಣಗಳನ್ನು ಲೋಕ ಅದಾಲತ್ತಿನಲ್ಲಿ ಮುಗಿಸಿಕೊಳ್ಳಲು ಯತ್ನಿಸಬಹುದು. ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಅಲ್ಲಿ ಆದ ತೀರ್ಮಾನದ ಮೇಲೆ ಮೇಲ್ಮನವಿ ಇರುವುದಿಲ್ಲ.

ಪ್ರಶ್ನೆ: ಕಾರಿನ ಪರವಾನಗಿ ಇದೆ. ಸಣ್ಣ ಸರಕು ಟೆಂಪೋ ಓಡಿಸಿದರೆ ದಂಡವೇ?
ಉತ್ತರ: ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಪರವಾನಗಿ ಇರುವವರು ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ತೀರ್ಪು ನೀಡಿದೆ. ವಾಹನಕ್ಕೆ ಬೇಕಾದ ಪರ್ಮಿಟ್, ಯೋಗ್ಯತಾ ಪತ್ರ ಮಾತ್ರ ಇರಲೇಬೇಕು.

ಪ್ರಶ್ನೆ: ಪೊಲೀಸರೇ ಹೆಲ್ಮೆಟ್ ಇಲ್ಲದೆ ಹೋಗುತ್ತಾರಲ್ಲ?
ಉತ್ತರ: ಕಾಯ್ದೆಯನ್ನು ಜಾರಿಗೊಳಿಸುವ ಅಧಿಕಾರವುಳ್ಳವರೇ ಅದನ್ನು ಮುರಿದರೆ ಎರಡು ಪಟ್ಟು ದಂಡವೆಂದು 210-ಬಿ ಕಲಮು ಹೇಳುತ್ತದೆ. ಆದರೆ ಅವರ ತಪ್ಪು ನಿಮ್ಮ ತಲೆಯನ್ನು ಕಾಪಾಡುವುದಿಲ್ಲ.

ನೆನಪಿನಲ್ಲಿಡಿ

ಮನೆಯಿಂದ ಹೊರಡುವ ಮುನ್ನ ವಿಮೆಯ ಕೊನೆಯ ದಿನಾಂಕ ನೋಡಿ. ತಿಂಗಳಿಗೊಮ್ಮೆ ಎರಡೂ ರಾಜ್ಯಗಳಲ್ಲಿ ನಿಮ್ಮ ಗಾಡಿಯ ಮೇಲೆ ಚಲನ್ ಇದೆಯೇ ಎಂದು ಪರಿಶೀಲಿಸಿ. ನಿಮಗೆ ಮೊಬೈಲ್ ಬಳಕೆ ತಿಳಿಯದಿದ್ದರೆ ಮಕ್ಕಳಿಂದ ನೋಡಿಸಿ. ದಂಡ ಕಟ್ಟಿದ ರಸೀದಿಯನ್ನು ಆರ್.ಸಿ. ಜೊತೆಗೆ ಇಟ್ಟುಕೊಳ್ಳಿ. ಮಾರಿದ ಗಾಡಿ ನಿಮ್ಮ ಹೆಸರಿನಿಂದ ಹೋಗಿದೆಯೇ ಎಂದು ಇಂದೇ ಖಚಿತಪಡಿಸಿಕೊಳ್ಳಿ.

ಚಲನ್ ಬಂದಿತೆಂದು ನಾಚಿಕೆಪಡಬೇಕಾಗಿಲ್ಲ, ಹೆದರಬೇಕಾಗಿಯೂ ಇಲ್ಲ. ತಪ್ಪಾಗಿದ್ದರೆ ಕಟ್ಟಿ ತಿದ್ದಿಕೊಳ್ಳಿ. ತಪ್ಪಿಲ್ಲದಿದ್ದರೆ ಧೈರ್ಯವಾಗಿ ಪ್ರಶ್ನಿಸಿ. ಮನೆಯಲ್ಲಿ ಕಾಯುತ್ತಿರುವವರಿಗೆ ಬೇಕಾಗಿರುವುದು ನೀವು ಸಂಜೆ ಕ್ಷೇಮವಾಗಿ ಬಾಗಿಲಿಗೆ ಬಂದು ನಿಲ್ಲುವುದು.